ಆರ್‌ವಿ ರ‍್ಯಾಲಿಗೆ ಹೊರಟಿದ್ದೀರಾ? ಮೊದಲು ತೂಕದ ಸಾಲಿಗೆ ನಿಲ್ಲಿ

ರ‍್ಯಾಲಿ ಅಂದ ಕೂಡಲೇ ಮೈಕು, ಬಾವುಟ, ಘೋಷಣೆ ನೆನಪಿಗೆ ಬರುತ್ತದೆ ಅಲ್ವಾ? ಅಮೆರಿಕದ ಆರ್‌ವಿ ರ‍್ಯಾಲಿಯಲ್ಲಿ ಮೈಕೂ ಇರುತ್ತದೆ, ಬಾವುಟವೂ ಇರುತ್ತದೆ. ಘೋಷಣೆ ಇರುವುದಿಲ್ಲ ಅಷ್ಟೇ. ಆರ್‌ವಿ ಅಂದರೆ ರಿಕ್ರಿಯೇಷನಲ್ ವೆಹಿಕಲ್, ಚಕ್ರದ ಮೇಲಿನ ಮನೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಚಕ್ರದ ಮೇಲೆ ಹೊತ್ತು ತಿರುಗುವವರ ಕ್ಲಬ್ಬುಗಳು ಯಾವುದಾದರೂ ಊರಿನ ದೊಡ್ಡ ಮೈದಾನ ಹಿಡಿದು ಮೂರು ನಾಲ್ಕು ದಿನ ಬಿಡಾರ ಹೂಡುತ್ತವೆ. ಹಗಲು ತರಗತಿ, ಸಂಜೆ ಹರಟೆ. ಇದೇನು ಹೊಸ ಹುಚ್ಚಲ್ಲ. ಏರ್‌ಸ್ಟ್ರೀಮ್ ಟ್ರೇಲರಿನವರ ಕ್ಲಬ್ 1955ರಲ್ಲೇ ಶುರುವಾಯಿತು. 1963ರಲ್ಲಿ ಮೇನ್ ರಾಜ್ಯದ ಹಿಂಕ್ಲಿಯಲ್ಲಿ ಸೂರ್ಯಗ್ರಹಣ ನೋಡಲು ಗಾಡಿ ನಿಲ್ಲಿಸಿಕೊಂಡು ಕೂತಿದ್ದ ಕುಟುಂಬಗಳು ಸೇರಿ ಕಟ್ಟಿದ್ದು ಫ್ಯಾಮಿಲಿ ಮೋಟಾರ್ ಕೋಚ್ ಅಸೋಸಿಯೇಷನ್. ಎಸ್ಕೇಪೀಸ್ ಕ್ಲಬ್ ಬಂದದ್ದು 1978ರಲ್ಲಿ.

ಹೊಸಬರು ರ‍್ಯಾಲಿಗೆ ಬಂದವರೇ ನೇರ ಅಂಗಡಿಗಳ ಟೆಂಟಿಗೆ ನುಗ್ಗುತ್ತಾರೆ. ಬಣ್ಣಬಣ್ಣದ ದೀಪ, ಟೈರಿಗೆ ಹೊಳಪು, ಮಡಚುವ ಕುರ್ಚಿ ಕೊಂಡು ತಂದು ಟ್ರೇಲರಿಗೆ ತುಂಬುತ್ತಾರೆ. ಆ ಟ್ರೇಲರಿನ ತೂಕ ಎಷ್ಟು ಅಂತ ಕೇಳಿದರೆ ಗೊತ್ತಿಲ್ಲ. ನಮ್ಮ ಮೊದಲ ರ‍್ಯಾಲಿಯಲ್ಲಿ ನಾವೂ ಹೀಗೇ ಇದ್ದೆವು. ಅದಕ್ಕೇ ಈ ಲೇಖನ.

ಹೆಸರು ನೋಂದಾಯಿಸಿ, ಬಂದು ನಿಲ್ಲಿಸಿ

ನೋಂದಣಿ ಮಾಡುವಾಗ ಮೊದಲ ಸಲ ಬರುತ್ತಿದ್ದೇವೆ ಅಂತ ಹೇಳಿಬಿಡಿ, ನಾಚಿಕೆ ಬೇಡ. ಹೊಸಬರಿಗೆಂದೇ ಒಂದು ತರಗತಿ ಇಟ್ಟಿರುತ್ತಾರೆ. ಕರೆಂಟು ಇರುವ ಜಾಗ ಬೇಕೋ ಇಲ್ಲದ್ದೋ ಕೇಳುತ್ತಾರೆ. ಮೊದಲ ಸಲ ಕರೆಂಟಿರುವುದನ್ನೇ ತೆಗೆದುಕೊಳ್ಳಿ. ಜಾಗಕ್ಕೊಂದು ನಲ್ಲಿ, ಚರಂಡಿ ಇರುತ್ತದೆ ಅಂದುಕೊಳ್ಳಬೇಡಿ. ಕೊಳಕು ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿಕೊಂಡು, ಒಳ್ಳೆಯ ನೀರು ತುಂಬಿಕೊಂಡು ಬನ್ನಿ. ಆದರೆ ಮನೆಯಲ್ಲೇ ತುಂಬಿಸಿ ಮುನ್ನೂರು ಮೈಲಿ ಹೊತ್ತು ತರಬೇಡಿ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್ ತೂಗುತ್ತದೆ. 40 ಗ್ಯಾಲನ್ ಅಂದರೆ 330 ಪೌಂಡಿಗೂ ಜಾಸ್ತಿ. ಮೈದಾನ ಹತ್ತಿರ ಬಂದಮೇಲೆ ತುಂಬಿಸಿ.

ಗೇಟಿನಲ್ಲಿ ಹಳದಿ ಅಂಗಿ ತೊಟ್ಟ ಸ್ವಯಂಸೇವಕರು ಕೈಸನ್ನೆ ಮಾಡಿ ಜಾಗ ತೋರಿಸುತ್ತಾರೆ. ಅವರು ತೋರಿಸಿದಲ್ಲಿ ನಿಲ್ಲಿಸಿ. ಸ್ನೇಹಿತರ ಪಕ್ಕವೇ ಜಾಗ ಬೇಕಿದ್ದರೆ ಒಟ್ಟಿಗೇ ಗೇಟಿಗೆ ಬನ್ನಿ.

ಎಳೆಯುವುದು ಬೇರೆ, ಹೊರುವುದು ಬೇರೆ

ಈಗ ಅಸಲಿ ವಿಷಯ. ಟ್ರೇಲರ್ ಕೊಳ್ಳುವಾಗ ನಿಮಗೆ ಹೇಳುವುದು ಒಂದೇ ಸಂಖ್ಯೆ: ನಿಮ್ಮ ಟ್ರಕ್ಕು (ಅಂದರೆ ಪಿಕಪ್ ಗಾಡಿ) ಇಷ್ಟು ಪೌಂಡ್ ಎಳೆಯುತ್ತದೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ತುಂಬುವ ಮೊದಲೇ ಇನ್ನೊಂದು ಲೆಕ್ಕ ಮುಗಿದುಹೋಗಿರುತ್ತದೆ. ಅದು ಟ್ರಕ್ಕು ಬೆನ್ನ ಮೇಲೆ ಹೊರಬಹುದಾದ ಭಾರ, ಅಂದರೆ ಪೇಲೋಡ್. ಚಾಲಕನ ಕಡೆ ಬಾಗಿಲು ತೆರೆದು ಚೌಕಟ್ಟಿನ ಮೇಲೆ ನೋಡಿ. ಜನ, ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅನ್ನುವ ಸ್ಟಿಕರ್ ಇರುತ್ತದೆ. ಜಾಹೀರಾತಿನ ಸಂಖ್ಯೆ ಮರೆತು ಇದನ್ನು ಬರೆದಿಟ್ಟುಕೊಳ್ಳಿ.

ನಮ್ಮದೇ ಉದಾಹರಣೆ ಕೊಡುತ್ತೇನೆ. ಟ್ರಕ್ಕು 9,000 ಪೌಂಡ್ ಎಳೆಯುತ್ತದೆ ಅಂತಿತ್ತು. ಟ್ರೇಲರ್ ಸಾಮಾನು ಸಮೇತ 6,800. ‘ನಿಮ್ಮ ಟ್ರಕ್ಕಿಗೆ ಇದು ಹೂವಿನ ಹಾಗೆ’ ಅಂದಿದ್ದ ಮಾರಿದವನು. ಆದರೆ ಟ್ರೇಲರಿನ ಮೂತಿ ಟ್ರಕ್ಕಿನ ಮೇಲೆ ಕೂರುತ್ತದೆ. ಅದು 884 ಪೌಂಡ್ ಇತ್ತು. ಎರಡನ್ನೂ ಜೋಡಿಸುವ ಕೊಂಡಿ, ಅಂದರೆ ಹಿಚ್ಚಿನ ಕಬ್ಬಿಣವೇ 100. ನಾವು ನಾಲ್ಕು ಜನ ಸೇರಿ 600. ಒಟ್ಟು 1,584. ಸ್ಟಿಕರಿನಲ್ಲಿ ಇದ್ದದ್ದು 1,450. ಒಂದು ಕುರ್ಚಿ ಕೂಡ ಹಿಂದೆ ಹಾಕುವ ಮೊದಲೇ 134 ಪೌಂಡ್ ಮೀರಿದ್ದೆವು. ಎರಡು ವರ್ಷ ಹೀಗೇ ಬೆಟ್ಟ ಇಳಿದಿದ್ದೆವು.

ಇಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪು ಒಂದಿದೆ. ಮೂತಿ ಭಾರವಾಯಿತು ಅಂತ ಸಾಮಾನನ್ನೆಲ್ಲ ಟ್ರೇಲರಿನ ಹಿಂಭಾಗಕ್ಕೆ ಸಾಗಿಸುತ್ತಾರೆ. ಬಂಪರಿಗೆ ನಾಲ್ಕು ಸೈಕಲ್ ನೇತುಹಾಕುತ್ತಾರೆ. ಮೂತಿ ಹಗುರವಾಗುತ್ತದೆ, ನಿಜ. ಅದರ ಜೊತೆಗೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಎಳೆಯುವ ಟ್ರೇಲರಿನಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಮೂತಿಯ ಮೇಲೆ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ಪಕ್ಕದಲ್ಲೊಂದು ದೊಡ್ಡ ಲಾರಿ ಹೋದರೂ ಸಾಕು, ಹಿಂದಿನ ಗಾಡಿ ಮುಂದಿನ ಗಾಡಿಯನ್ನು ಆಡಿಸುತ್ತದೆ. ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೇ ಮೂತಿ ಕೂರುವ ಫಿಫ್ತ್ ವೀಲ್ ಟ್ರೇಲರಿನವರಿಗೆ ಈ ಲೆಕ್ಕ ಇನ್ನೂ ಜಾಸ್ತಿ, 15ರಿಂದ 25 ಭಾಗ.

ಅಕಸ್ಮಾತ್ ಓಲಾಟ ಶುರುವಾದರೆ ಬ್ರೇಕ್ ತುಳಿಯಬೇಡಿ. ಸ್ಟೀರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡಿ. ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಮೊಣಕಾಲ ಹತ್ತಿರ ಇರುವ ಬ್ರೇಕ್ ಕಂಟ್ರೋಲರಿನ ಗುಂಡಿಯನ್ನು ಕೈಯಿಂದ ಒತ್ತಿ, ಟ್ರೇಲರಿಗೆ ಮಾತ್ರ ಬ್ರೇಕ್ ಬೀಳಲಿ. ಆ ಗುಂಡಿ ಎಲ್ಲಿದೆ ಅಂತ ನಿಂತ ಗಾಡಿಯಲ್ಲೇ ಹತ್ತು ಸಲ ಕೈಯಾಡಿಸಿ ನೋಡಿಕೊಳ್ಳಿ.

ತೂಗುವುದು ಹೇಗೆ

ಎಸ್ಕೇಪೀಸ್ ಕ್ಲಬ್ಬಿನಂಥವರು ಚಕ್ರ ಚಕ್ರಕ್ಕೂ ಬೇರೆ ಬೇರೆ ತೂಕ ಹಾಕಿಕೊಡುತ್ತಾರೆ. ಇದಕ್ಕೆ ಮೊದಲ ದಿನವೇ ಸಮಯ ಕಾದಿರಿಸಿ, ಜಾಗ ಬೇಗ ತುಂಬುತ್ತದೆ. ಚಕ್ರವಾರು ತೂಕ ಯಾಕೆ ಬೇಕೆಂದರೆ, ಅಡುಗೆಮನೆ, ಫ್ರಿಜ್ಜು ಎಲ್ಲ ಒಂದೇ ಪಕ್ಕಕ್ಕೆ ಇದ್ದಾಗ ಆಕ್ಸಲ್ಲಿನ ಒಟ್ಟು ಲೆಕ್ಕ ಸರಿ ಇದ್ದರೂ ಆ ಪಕ್ಕದ ಒಂದು ಟೈರು ಒದ್ದಾಡುತ್ತಿರಬಹುದು.

ಆ ಸಾಲು ಸಿಗಲಿಲ್ಲವೇ? ಲಾರಿಗಳು ನಿಲ್ಲುವ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ಯಂತ್ರ ಇರುತ್ತದೆ. ಮೊದಲ ಹಲಗೆಯ ಮೇಲೆ ಟ್ರಕ್ಕಿನ ಮುಂದಿನ ಚಕ್ರ, ಎರಡನೆಯದರ ಮೇಲೆ ಹಿಂದಿನ ಚಕ್ರ, ಮೂರನೆಯದರ ಮೇಲೆ ಟ್ರೇಲರ್. ಗುಂಡಿ ಒತ್ತಿ ಮಾತಾಡಿದರೆ ತೂಗುತ್ತಾರೆ, ಚೀಟಿ ಕೊಡುತ್ತಾರೆ. ಆಮೇಲೆ ಟ್ರೇಲರನ್ನು ಪಾರ್ಕಿಂಗಿನಲ್ಲಿ ಬಿಚ್ಚಿಟ್ಟು ಟ್ರಕ್ಕನ್ನು ಮಾತ್ರ ಇನ್ನೊಮ್ಮೆ ತೂಗಿಸಿ. ಟ್ರಕ್ಕಿನ ಎರಡೂ ತೂಕಗಳ ವ್ಯತ್ಯಾಸವೇ ಮೂತಿಯ ಭಾರ. ನಮಗೆ 7,784 ಮತ್ತು 6,900 ಬಂದಿತ್ತು, ವ್ಯತ್ಯಾಸ 884. ಟ್ರೇಲರಿನ ಚಕ್ರಗಳ ಮೇಲೆ 5,916. ಎರಡೂ ಕೂಡಿಸಿದರೆ 6,800. ತೂಕ ಹಂಚುವ ಹಿಚ್ ಇದ್ದರೆ ಮೊದಲ ಸಲ ಅದರ ಸರಳು ಬಿಡಿಸಿ ತೂಗಿಸಿ, ಇಲ್ಲದಿದ್ದರೆ ಮೂತಿಯ ಭಾರ ಕಡಿಮೆ ತೋರಿಸುತ್ತದೆ. ಎರಡು ಸಲವೂ ಅದೇ ಜನ ಟ್ರಕ್ಕಿನೊಳಗೆ ಕೂತಿರಬೇಕು.

ಮುಖ್ಯವಾಗಿ, ಪ್ರಯಾಣಕ್ಕೆ ಹೊರಟ ಹಾಗೇ ತೂಗಿಸಿ. ನೀರು, ಗ್ಯಾಸು, ದಿನಸಿ, ನಾಯಿ, ಮಕ್ಕಳು ಎಲ್ಲ ಸಮೇತ. ಖಾಲಿ ಟ್ರೇಲರ್ ತೂಗಿಸಿ ಸಮಾಧಾನ ಪಟ್ಟುಕೊಂಡವರನ್ನು ನೋಡಿದ್ದೇನೆ. ಮದುವೆಗೆ ಅಳತೆ ಕೊಟ್ಟು ಬರುವಾಗ ಹೊಟ್ಟೆ ಎಳೆದುಕೊಂಡಂತೆ ಅದು.

ತೂಕ ಮೀರಿದೆ ಅಂತಾದಾಗ ಅಂಗಡಿ ಟೆಂಟಿನಲ್ಲಿ ಒಬ್ಬ ಏರ್ ಬ್ಯಾಗ್, ಅಂದರೆ ಟ್ರಕ್ಕಿನ ಹಿಂದಿನ ಸ್ಪ್ರಿಂಗಿಗೆ ಆಸರೆ ಕೊಡುವ ಗಾಳಿಚೀಲ, ಮಾರಲು ಬರುತ್ತಾನೆ. ಹಾಕಿಸಿದರೆ ಟ್ರಕ್ಕಿನ ಹಿಂಭಾಗ ಎದ್ದು ನಿಲ್ಲುತ್ತದೆ, ನೋಡಲು ಸರಿಹೋಯಿತು ಅನ್ನಿಸುತ್ತದೆ. ಸ್ಟಿಕರಿನ ಸಂಖ್ಯೆ ಮಾತ್ರ ಒಂದು ಪೌಂಡೂ ಏರುವುದಿಲ್ಲ. ಸಾಮಾನು ಇಳಿಸಬೇಕು, ಇಲ್ಲ ಟ್ರಕ್ಕು ಬದಲಿಸಬೇಕು. ನಾವು ಒಂದು ವರ್ಷ ಇಳಿಸಿದೆವು, ಆಮೇಲೆ ಬದಲಿಸಿದೆವು.

ಟೈರು, ಹಿಚ್ಚು

ಟೈರಿನ ಮೇಲೆ DOT ಅನ್ನುವ ಅಕ್ಷರಗಳಿಂದ ಶುರುವಾಗುವ ಸಂಕೇತ ಹುಡುಕಿ. ಕೊನೆಯ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಟ್ರೇಲರಿನ ಟೈರು ಸವೆದು ಸಾಯುವುದಕ್ಕಿಂತ ನಿಂತು ನಿಂತು ಸಾಯುವುದೇ ಹೆಚ್ಚು. ಪಟ್ಟೆ ಹೊಸದರಂತೆ ಕಂಡರೂ ಆರು ವರ್ಷವಾದರೆ ತೆಗೆದುಹಾಕಿ ಅನ್ನುವುದು ನನ್ನ ಮಾತು. ಗಾಳಿಯನ್ನು ಬೆಳಿಗ್ಗೆ, ಚಕ್ರ ಉರುಳುವ ಮೊದಲು, ಟೈರು ತಣ್ಣಗಿರುವಾಗ ನೋಡಿ. ಟ್ರೇಲರಿನ ಹಲವು ಟೈರುಗಳು ಗಂಟೆಗೆ 65 ಮೈಲಿಗಷ್ಟೇ ಮಾಡಿದಂಥವು. ರಸ್ತೆಯ ಫಲಕ 75 ಅಂದರೂ ನಿಮಗೆ ಅದು ಅನ್ವಯಿಸುವುದಿಲ್ಲ. ಟೈರಿಗೆ ಹೊಳಪಿನ ಸ್ಪ್ರೇ ಬೇಡವೇ ಬೇಡ. ಪೆಟ್ರೋಲಿಯಂ ಇರುವಂಥವು ರಬ್ಬರನ್ನೇ ಹಾಳುಮಾಡುತ್ತವೆ. ಸೋಪಿನ ನೀರು ಸಾಕು.

ಹಿಚ್ ಕೂರಿಸಿದ ಮೇಲೆ ಒಂದು ಪರೀಕ್ಷೆ: ಮೂತಿಯ ಜಾಕನ್ನು ಸ್ವಲ್ಪ ಮೇಲಕ್ಕೆತ್ತಿ. ಟ್ರಕ್ಕಿನ ಹಿಂಭಾಗವೂ ಜೊತೆಗೆ ಎದ್ದರೆ ಹಿಚ್ಚಿನ ಗುಂಡು ಟ್ರೇಲರಿನ ಮೂತಿಯೊಳಗೆ ಕಚ್ಚಿದೆ. ಮೂತಿ ಒಂದೇ ಎದ್ದು ಬಂದರೆ ನಿಮ್ಮ ಅದೃಷ್ಟ, ಅಂಗಳದಲ್ಲೇ ಗೊತ್ತಾಯಿತು. ಸರಪಳಿಗಳನ್ನು ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಹಾಕಿ. ಬ್ರೇಕ್‌ಅವೇ ತಂತಿಯನ್ನು ಆ ಸರಪಳಿಗೇ ಸಿಕ್ಕಿಸುವವರಿದ್ದಾರೆ. ಬೇಡ, ಟ್ರಕ್ಕಿನಲ್ಲಿ ಬೇರೆ ಗಟ್ಟಿ ಜಾಗಕ್ಕೆ ಸಿಕ್ಕಿಸಿ. ಟ್ರೇಲರ್ ಕಳಚಿಕೊಂಡಾಗ ಅದರ ಬ್ರೇಕ್ ಹಾಕುವುದು ಆ ತಂತಿ ಮಾತ್ರ.

ಕರೆಂಟು

30 ಆ್ಯಂಪಿನ ಕಂಬ ಕೊಡುವುದು 3,600 ವ್ಯಾಟ್. 50 ಆ್ಯಂಪಿನದು 12,000. ಹೆಸರು ನೋಡಿದರೆ ಎರಡು ಪಟ್ಟೂ ಇಲ್ಲ, ಕೊಡುವುದು ಮೂರು ಪಟ್ಟಿಗೂ ಮೀರಿ. ಮೊದಲು ಬ್ರೇಕರ್ ಆಫ್ ಮಾಡಿ, ಮಧ್ಯೆ ರಕ್ಷಣೆಯ ಸಾಧನ ಹಾಕಿ, ಆಮೇಲೆ ನಿಮ್ಮ ಕೇಬಲ್. ಆ ಸಾಧನ ವೋಲ್ಟೇಜ್ ಇಳಿದಾಗಲೂ ಕರೆಂಟು ಕಡಿಯುವಂಥದ್ದೇ ಆಗಿರಲಿ. ಸಿಡಿಲಿನ ಏರಿಕೆ ಮಾತ್ರ ತಡೆಯುವ ಅಗ್ಗದ್ದು ಬೇಡ. ರ‍್ಯಾಲಿಯಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಎಸಿ ಹಾಕಿದಾಗ 120 ಇರಬೇಕಾದ ವೋಲ್ಟೇಜ್ ಕುಸಿಯುತ್ತದೆ, ನಿಮ್ಮ ಎಸಿ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಮನೆಯಲ್ಲಿ 30 ಆ್ಯಂಪಿನ ಪ್ಲಗ್ ಹಾಕಿಸುವಾಗಲೂ ಎಚ್ಚರ. ಬಟ್ಟೆ ಒಣಗಿಸುವ ಯಂತ್ರದ್ದು ಅಂದುಕೊಂಡು 240 ಕೊಟ್ಟ ಎಲೆಕ್ಟ್ರಿಷಿಯನ್ನರು ಇದ್ದಾರೆ.

ಯಾವ ತರಗತಿ ತಪ್ಪಿಸಬಾರದು

ಎರಡು. ಒಂದು, ಬೆಂಕಿಯದು. ಮಲಗುವ ಕೋಣೆಯ ಕೆಂಪು ಹಿಡಿಯ ಕಿಟಕಿ ತೆರೆದು ಹೊರಗೆ ಇಳಿದು ನೋಡಿದ್ದೀರಾ? ಒಮ್ಮೆ ನಿಜವಾಗಿ ಇಳಿಯಿರಿ. ನಮ್ಮ ಯಜಮಾನರು ಅರ್ಧಕ್ಕೆ ಸಿಕ್ಕಿಹಾಕಿಕೊಂಡರು. ಆವತ್ತೇ ಒಂದು ಸಣ್ಣ ಏಣಿ ಕೊಂಡೆವು, ಟೆಂಟಿನಲ್ಲಿ ಕೊಂಡ ಒಂದೇ ಒಳ್ಳೆಯ ವಸ್ತು ಅದು. ಗ್ಯಾಸು, ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮುಗಳ ಹಿಂದೆ ಅವಧಿ ಮುಗಿಯುವ ದಿನ ಬರೆದಿರುತ್ತದೆ. ಪೀ ಅಂತ ಸದ್ದು ಬಂದರೆ ಇನ್ನೂ ಬದುಕಿದೆ ಅಂತಲ್ಲ, ದಿನಾಂಕ ನೋಡಿ.

ಇನ್ನೊಂದು, ಜೊತೆಗೆ ಕೂರುವವರಿಗೆ ಓಡಿಸಲು ಕಲಿಸುವುದು. ಹೋಗಿ, ಒಬ್ಬರೇ ಹೋಗಿ. ಗಂಡ ಪಕ್ಕದಲ್ಲಿದ್ದರೆ ಯಾರೂ ಕಲಿಯಲಾರರು. ಹಿಂದಕ್ಕೆ ತೆಗೆಯುವ ಗುಟ್ಟು ಒಂದೇ: ಸ್ಟೀರಿಂಗಿನ ಕೆಳಭಾಗ ಹಿಡಿಯಿರಿ. ಟ್ರೇಲರಿನ ಹಿಂಭಾಗ ಎತ್ತ ಹೋಗಬೇಕೋ ಕೈಯನ್ನೂ ಅತ್ತಲೇ ಸರಿಸಿ, ಸ್ವಲ್ಪ ಸ್ವಲ್ಪ. ಹಿಂದೆ ನಿಂತು ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಬೇಕು. ಅನುಮಾನ ಬಂದರೆ ಇಳಿದು ನೋಡಿ. ಎಲ್ಲರೂ ನಿಮ್ಮನ್ನೇ ನೋಡುತ್ತಿರುತ್ತಾರೆ, ನೋಡಲಿ ಬಿಡಿ.

ದಾರಿಯಲ್ಲಿ

ದಿನಕ್ಕೆ 300 ಮೈಲಿ, ಮಧ್ಯಾಹ್ನ 3ರೊಳಗೆ ಬಿಡಾರ, ಒಂದು ಜಾಗದಲ್ಲಿ 3 ರಾತ್ರಿ ಅನ್ನುವ ಲೆಕ್ಕ ಹಳಬರದ್ದು. ಚೆನ್ನಾಗಿದೆ. ಛಾವಣಿಯ ಎಸಿ ಸೇರಿಸಿ ಗಾಡಿಯ ಎತ್ತರ ಅಳೆದು, ಕಣ್ಣೆದುರು ಅಂಟಿಸಿಡಿ. ಕಾರಿನವರ ಮ್ಯಾಪಿಗೆ ನಿಮ್ಮ ಎತ್ತರ ಗೊತ್ತಿರುವುದಿಲ್ಲ. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಇಂಚಿನ ರೈಲು ಸೇತುವೆ ಎಷ್ಟೋ ಗಾಡಿಗಳ ತಲೆ ಸುಲಿದು, 2019ರಲ್ಲಿ ಅದನ್ನು 8 ಇಂಚು ಎತ್ತರಿಸಿದರು. ಆಮೇಲೂ ಸುಲಿಯುತ್ತಿದೆ. ಬಾಲ್ಟಿಮೋರಿನ ಸುರಂಗಗಳಲ್ಲಿ ಮಾಮೂಲಿ ಅಳತೆಯ ಗ್ಯಾಸ್ ಸಿಲಿಂಡರ್ ಇರುವ ಗಾಡಿಗಳಿಗೆ ಪ್ರವೇಶವಿಲ್ಲ. ಸುತ್ತುಬಳಸಿ ಹೋಗಬೇಕು, ಮೊದಲೇ ದಾರಿ ನೋಡಿಟ್ಟುಕೊಳ್ಳಿ.

ರ‍್ಯಾಲಿ ಮುಗಿದ ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ನಿನಲ್ಲಿ ಉದ್ದನೆಯ ಸಾಲು ಇರುತ್ತದೆ. ಆರೂವರೆಗೇ ಎದ್ದು ಹೋಗಿ. ಕೈಗವಸು ಹಾಕಿ, ಶೌಚದ ಟ್ಯಾಂಕ್ ಮೊದಲು ಬಿಡಿ. ಸಿಂಕಿನದು ಆಮೇಲೆ, ಆ ಸೋಪಿನ ನೀರೇ ಪೈಪು ತೊಳೆಯುತ್ತದೆ.