ಅರ್ಧ ಗೊಂಚಲು ಕತ್ತರಿಸಿ ಮಾಡಿದ ಶಿರಾಜ್

ನಂದಿ ಬೆಟ್ಟದ ತಪ್ಪಲಿನ ನನ್ನ ಎರಡು ಎಕರೆ ಶಿರಾಜ್ (ಕೆಂಪು ವೈನಿಗೆ ಬೆಳೆಯುವ ದ್ರಾಕ್ಷಿ ತಳಿ) ತೋಟದಲ್ಲಿ, ಕಾಯಿ ಬಣ್ಣ ತಿರುಗುವ ಹೊತ್ತಿಗೆ ಉಳಿದವು ಚೆನ್ನಾಗಿ ಮಾಗಲೆಂದು ಅರ್ಧದಷ್ಟು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕಿದಾಗ, ಸುತ್ತಲಿನ ಬೆಳೆಗಾರರು ಒಬ್ಬರಾದ ಮೇಲೊಬ್ಬರು ಬಂದು ಬುದ್ಧಿ ಹೇಳಿ ಹೋದರು. ಎಕರೆಗೆ ಏಳು ಟನ್ನಿನ ಆಸುಪಾಸಿನಲ್ಲಿದ್ದ ಇಳುವರಿ ಮೂರಕ್ಕೆ ಇಳಿಯಿತು. ಆ ಹಣ್ಣಿನ ವೈನ್ ಈಗ ಬಾಟಲಿಯಲ್ಲಿ ಎರಡು ವರ್ಷ ಕಳೆದಿದೆ. ಕುಡಿದು ಬಲ್ಲವರು ಇದು ನಮ್ಮ ಸೀಮೆಯದೇ ಎಂದು ಎರಡೆರಡು ಸಲ ಕೇಳುತ್ತಿದ್ದಾರೆ.

ಅದಕ್ಕೂ ಮುಂಚಿನ ಎರಡು ವರ್ಷ ಸೋತಿದ್ದೆ. ಮೊದಲ ವರ್ಷ ರಸದ ಸಕ್ಕರೆ 24 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ) ಮುಟ್ಟಿದ ದಿನವೇ ಕೊಯ್ದಿದ್ದೆ. ನಮ್ಮ ಬಿಸಿಲಿಗೆ ಸಕ್ಕರೆ ಬೇಗ ಏರಿದರೂ ಬೀಜ ಹಸಿರಾಗಿಯೇ ಉಳಿದಿತ್ತು. ವೈನಿಗೆ ಬಾಯಿ ಒಣಗಿಸುವ ಹಸಿ ಒಗರು ಬಂತು. ಸಾಲದ್ದಕ್ಕೆ ಹುದುಗುವ ನಡುವೆ ಒಂದು ರಾತ್ರಿ ತಂಪು ಮಾಡುವ ಚಿಲ್ಲರ್ ಕೆಟ್ಟು ಉಷ್ಣತೆ 36 ಡಿಗ್ರಿ ದಾಟಿತು, ಯೀಸ್ಟ್ ಸತ್ತಿತು, ಸುಮಾರು 600 ಲೀಟರ್ ವಿನೆಗರ್ ವಾಸನೆಗೆ ತಿರುಗಿತು. ಎರಡನೆಯ ವರ್ಷ ತಲಾ ಲಕ್ಷದ ಹತ್ತಿರ ಕೊಟ್ಟು 225 ಲೀಟರಿನ ಎರಡು ಹೊಸ ಫ್ರೆಂಚ್ ಓಕ್ ಬ್ಯಾರೆಲ್ ತರಿಸಿದೆ; 14 ತಿಂಗಳ ನಂತರ ಹಣ್ಣಿನ ರುಚಿ ಪೂರ್ತಿ ಮುಚ್ಚಿಹೋಗಿ ಮರದ ರುಚಿಯೊಂದೇ ಉಳಿದಿತ್ತು. ಎರಡು ವರ್ಷಕ್ಕೆ ಕೈಬಿಟ್ಟು ಹೋದದ್ದು ಆರು ಲಕ್ಷ ರೂಪಾಯಿಯಷ್ಟು.

ಮೂರನೆಯ ವರ್ಷ ಗೊಂಚಲು ಇಳಿಸಿ, ಬೆಳಗಿನ ಬಿಸಿಲು ಬೀಳುವ ಮಗ್ಗುಲಿನ ಎಲೆಗಳನ್ನಷ್ಟೇ ತೆಗೆದು, ಮಧ್ಯಾಹ್ನದ ಮಗ್ಗುಲನ್ನು ನೆರಳಿಗೆ ಬಿಟ್ಟೆ. ಸಕ್ಕರೆ ಅಳೆಯುವ ಮೀಟರನ್ನು ಬದಿಗಿಟ್ಟು ದಿನವೂ ಬೀಜ ಅಗಿದು ನೋಡಿದೆ. ಅದು ಕಂದು ಬಣ್ಣಕ್ಕೆ ತಿರುಗಿ ಕಟುಂ ಎಂದು ಒಡೆಯುವವರೆಗೆ ಕೊಯ್ಲು ಮಾಡಲಿಲ್ಲ. ಅಷ್ಟರಲ್ಲಿ ಹುಳಿ ಇಳಿದು ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಳತೆ) 3.9 ಆಗಿತ್ತು. ಹುದುಗುವ ಮೊದಲೇ ಲೀಟರಿಗೆ ಎರಡು ಗ್ರಾಂನಷ್ಟು ಟಾರ್ಟಾರಿಕ್ ಆಮ್ಲ ಹಾಕಿ 3.6ರ ಸಮೀಪಕ್ಕೆ ತಂದೆ. ನಸುಕಿನಲ್ಲಿ ಕೊಯ್ದ ಹಣ್ಣನ್ನು 10 ಡಿಗ್ರಿಯಲ್ಲಿ ನಾಲ್ಕು ದಿನ ನೆನೆಸಿ, ನಂತರ 27 ಡಿಗ್ರಿಯಲ್ಲಿ ಹುದುಗಿಸುತ್ತ ದಿನಕ್ಕೆ ಮೂರು ಸಲ ಮೇಲೆ ತೇಲುವ ಸಿಪ್ಪೆಯನ್ನು ಒತ್ತಿ ಮುಳುಗಿಸಿದೆ. ಸಿಪ್ಪೆಯಿಂದ ರಸ ಬೇರ್ಪಡಿಸಿದ ದಿನವನ್ನೂ ಯೀಸ್ಟಿನ ಆಯ್ಕೆಯನ್ನೂ ಇಲ್ಲಿ ಹೇಳಲಾರೆ. ಬ್ಯಾರೆಲ್ ಮಾತ್ರ ಅವೇ ಎರಡು. ಒಮ್ಮೆ ಬಳಸಿದ್ದರಿಂದ ಮರದ ಖಾರ ಇಳಿದು ಹದಕ್ಕೆ ಬಂದಿದ್ದವು.

ಅದೇ ವರ್ಷ ಕುತೂಹಲಕ್ಕೆ ಒಂದು ಸಣ್ಣ ತೊಟ್ಟಿಯಲ್ಲಿ ಇಪ್ಪತ್ತಕ್ಕೆ ಒಂದು ಪಾಲು ಬೆಂಗಳೂರು ಬ್ಲೂ ದ್ರಾಕ್ಷಿ ಬೆರೆಸಿದ್ದೆ. ಆ ಹಣ್ಣಿನ ಘಾಟು ಪರಿಮಳ ಶಿರಾಜನ್ನು ಸಂಪೂರ್ಣ ನುಂಗಿತು. ಮತ್ತೆ ಆ ಕೆಲಸಕ್ಕೆ ಕೈಹಾಕಿಲ್ಲ.

ಬೆರಕೆಯಿಲ್ಲದ ಶಿರಾಜ್ ವೈನಿನ ಬಣ್ಣ ನೇರಳೆ ಹಣ್ಣಿನದು, ಒಗರು ನಯವಾಗಿದೆ, ಕೊನೆಯಲ್ಲಿ ಕರಿಮೆಣಸು ಸುಳಿಯುತ್ತದೆ. ಶಿರಾಜಿನ ಸಿಪ್ಪೆಯಲ್ಲೂ ಕರಿಮೆಣಸಿನಲ್ಲೂ ಇರುವ ರೊಟಂಡೋನ್ ಎಂಬ ಪರಿಮಳದ ಅಂಶ ಒಂದೇ ಆದ್ದರಿಂದ, ಕರಿಮೆಣಸು ಹಾಕಿದ ಕೊಡಗಿನ ಪಂದಿ ಕರಿಯ (ಹಂದಿ ಮಾಂಸದ ಕರಿ) ಜೊತೆ ಇದು ಹೊಂದಿದಷ್ಟು ಬೇರೆ ಯಾವುದರ ಜೊತೆಗೂ ಹೊಂದಿಲ್ಲ. ಆ ಕರಿಗೆ ಹಾಕುವ ಕಪ್ಪು ಹಣ್ಣಿನ ವಿನೆಗರ್ ಕಾಚಂಪುಳಿಯ ಹುಳಿ ಒಗರನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಬ್ಯಾಡಗಿ, ಗುಂಟೂರು ಅರೆದ ನಾಟಿ ಕೋಳಿ ಸಾರಿನೊಂದಿಗೆ ಮಾತ್ರ ಬೇಡ, ಮೆಣಸಿನಕಾಯಿಯ ಉರಿಗೆ ಆಲ್ಕೋಹಾಲ್ ಸೇರಿ ಎರಡೂ ಕೆಡುತ್ತವೆ. ಏಪ್ರಿಲ್‌ನಲ್ಲಿ ಕುಡಿಯುವವರು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, 17 ಡಿಗ್ರಿಯ ಸುಮಾರಿಗೆ ತಂದು ತೆರೆಯಬೇಕು.