ಚಿಂಚೋಳಿ ಕಾಡಲ್ಲಿ ಬಂದೂಕಿಲ್ಲದ ಶಿಕಾರಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿಗೆ ಹೊರಟಾಗ ನನ್ನ ಬ್ಯಾಗಿನ ಅರ್ಧ ತೂಕ ನೀರಿನದೇ. ಒಂದು ಹಗಲಿಗೆ 5 ಲೀಟರ್. ಅದಕ್ಕಿಂತ ಕಡಿಮೆ ಒಯ್ಯಬೇಡಿ, ಚಳಿಗಾಲವಾದರೂ ಸರಿ. ಉಳಿದ ಜಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಒಂದು ಹೊದಿಕೆ, ಬ್ಯಾಟರಿ, ದುರ್ಬೀನು. ಒಲೆ, ಪಾತ್ರೆ ಏನೂ ಒಯ್ಯುವುದಿಲ್ಲ. ಒಣ ಹುಲ್ಲಿಗೆ ಒಂದು ಕಿಡಿ ತಾಗಿದರೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ರೊಟ್ಟಿ ಇದ್ದರೆ ಬೆಂಕಿಯ ಗೊಡವೆಯೇ ಇಲ್ಲ.

ನಮ್ಮ ಅಜ್ಜ ಶಿಕಾರಿ ಮಾಡುತ್ತಿದ್ದವರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಬಂದೂಕು ಮೂಲೆ ಸೇರಿತು. ಅದು ಒಳ್ಳೆಯದೇ ಆಯಿತು. ಆದರೆ ನೆಲ ನೋಡಿ ಪ್ರಾಣಿಯ ದಾರಿ ಹೇಳುವ ಅವರ ವಿದ್ಯೆಯೂ ಅದರ ಜೊತೆಗೇ ಹೋಗಿಬಿಟ್ಟರೆ ನಷ್ಟ ನಮಗೇ. ನಾನು ಕಾಡಿಗೆ ಹೋಗುವುದು ಆ ವಿದ್ಯೆ ಕಲಿಯೋಕೆ. ಹೆಜ್ಜೆ ಹಿಡಿದು ಹೋಗುವುದು, ಪ್ರಾಣಿ ಸಿಕ್ಕರೆ ದೂರದಿಂದಲೇ ನೋಡಿ ವಾಪಸ್ ಬರುವುದು.

ಈ ಕಾಡನ್ನು ವನ್ಯಜೀವಿಧಾಮ ಅಂತ ಘೋಷಿಸಿದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಆಚೆಗೆ ತೆಲಂಗಾಣ. ನಡುವೆ ಚಂದ್ರಂಪಳ್ಳಿ ಡ್ಯಾಮು, ಗೊಟ್ಟಂಗೊಟ್ಟ, ಕುಂಚಾವರಂ ಕಡೆಯ ಗುಡ್ಡಗಳು, ಅಲ್ಲಲ್ಲಿ ಲಂಬಾಣಿ ತಾಂಡಾಗಳು. ಕಲಬುರಗಿಯ ಎರೆಹೊಲ ನೋಡಿ ಬೆಳೆದವರಿಗೆ ಇಲ್ಲಿನ ಕೆಂಪು ಮುರ್ರಂ ನೆಲ, ತೇಗ, ಶ್ರೀಗಂಧ, ಮುತ್ತುಗ ಎಲ್ಲ ಬೇರೆ ಸೀಮೆಗೆ ಬಂದಂತೆ ಅನಿಸುತ್ತದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ನಾನು ಚಿಂಚೋಳಿಯಲ್ಲಿ ಮೊದಲು ಆ ಕೆಲಸ ಮುಗಿಸಿಕೊಳ್ಳುತ್ತೇನೆ. ರಾತ್ರಿ ಕಾಡೊಳಗೆ ಉಳಿಯುವುದಿಲ್ಲ, ಅಂಚಿನ ತಾಂಡಾದಲ್ಲಿ ಗೊತ್ತಿರುವ ಕಾಕಾನ ಮನೆಯಲ್ಲಿ ಮಲಗುತ್ತೇನೆ. ಕಾಡಿಗೂ ಅವರೇ ಜೊತೆ. ದನ ಮೇಯಿಸುತ್ತಾ ಈ ಗುಡ್ಡಗಳಲ್ಲೇ ದೊಡ್ಡವರಾದವರು.

ನವೆಂಬರಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ನಡಿಗೆ ಮುಗಿಸಬೇಕು. ಮಧ್ಯಾಹ್ನ ನೆರಳು ಹಿಡಿದು ಕೂರಬೇಕು. ನಾಲ್ಕರ ಮೇಲೆ ಮತ್ತೆ ಹೆಜ್ಜೆ. ಇದು ಬರೀ ಬಿಸಿಲಿನ ಮಾತಲ್ಲ. ಸೂರ್ಯ ನೆತ್ತಿಗೆ ಬಂದಾಗ ನೆಲದ ಮೇಲಿನ ಗುರುತು ಕಣ್ಣಿಗೆ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಸಣ್ಣ ಗೊರಸಿನ ಅಂಚಿಗೂ ನೆರಳು ಬರುತ್ತದೆ. ಗುರುತು ಯಾವಾಗಲೂ ನಮ್ಮ ಮತ್ತು ಸೂರ್ಯನ ನಡುವೆ ಇರಬೇಕು. ಬೆಳಕನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಅದೇ ಗುರುತು ಮಾಯ.

ಹುಡುಕಾಟ ಶುರುವಾಗುವುದು ನೀರಿನಿಂದ. ಇದು ಒಣ ಕಾಡು. ಡಿಸೆಂಬರ್ ದಾಟಿದರೆ ಹಳ್ಳಗಳು ಒಂದೊಂದಾಗಿ ಬತ್ತುತ್ತವೆ, ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿಯುತ್ತದೆ. ಮಡುವಿನ ಸುತ್ತ ಹಸಿ ಮಣ್ಣು ಇರುತ್ತದಲ್ಲ, ರಾತ್ರಿ ಯಾರು ಬಂದರು, ಯಾರು ಹೋದರು ಎಲ್ಲ ಅಲ್ಲೇ ಬರೆದಿರುತ್ತದೆ. ತೋಳದ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಊರ ನಾಯಿ ಅತ್ತಿತ್ತ ಅಲೆಯುತ್ತಾ ಹೋದರೆ ತೋಳ ದಾರ ಹಿಡಿದಂತೆ ನೆಟ್ಟಗೆ ಹೋಗುತ್ತದೆ. ಕತ್ತೆಕಿರುಬದ ಮುಂದಿನ ಪಾದ ದೊಡ್ಡದು, ಹಿಂದಿನದು ಸಣ್ಣದು. ಅದರ ಹಿಕ್ಕೆ ಒಣಗಿದ ಮೇಲೆ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ, ಎಲುಬು ತಿನ್ನುವ ಪ್ರಾಣಿ ಅದು.

ಒಮ್ಮೆ ಹಳ್ಳದ ದಂಡೆಯಲ್ಲಿ ಸಣ್ಣ ಜೋಡಿ ಗೊರಸಿನ ಗುರುತು ಸಿಕ್ಕಿತು. ಅಂಚು ಚೂಪಾಗಿತ್ತು. ಈಗಷ್ಟೇ ಹೋಗಿರಬೇಕು ಅಂದೆ. ಕಾಕಾ ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯಿಂದ ತೋರಿಸಿದರು. ಗೊರಸಿನ ಗುರುತಿನ ಒಳಗೆ ಇಳಿದು, ಆ ಕಡೆ ಹತ್ತಿ ಹೋದ ಹುಳದ ಹೆಜ್ಜೆ, ಸೂಜಿಯಿಂದ ಗೀರಿದಷ್ಟು ಸಣ್ಣದು.

'ತಮ್ಮಾ, ಈ ಹುಳ ರಾತ್ರಿ ಮಾತ್ರ ತಿರಗತದ. ಹುಳ ಮ್ಯಾಲ ಹಾದು ಹೋಗ್ಯಾದ ಅಂದ್ರ ಇದು ಇವತ್ತಿನ ಮುಂಜಾನಿದಲ್ಲ' ಅಂದರು.

ಆವತ್ತಿನಿಂದ ನಾನು ಗುರುತಿನ ಆಕಾರ ನೋಡುವ ಮೊದಲು ಅದರ ಮೇಲೆ ಏನು ಬಿದ್ದಿದೆ ಅಂತ ನೋಡುತ್ತೇನೆ. ಇಬ್ಬನಿ ಹನಿಯ ಚುಕ್ಕಿ, ಉದುರಿದ ಎಲೆ, ಇರುವೆ ಸಾಲು. ಗಂಟೆ ಲೆಕ್ಕ ಅಲ್ಲೇ ಸಿಗುತ್ತದೆ.

ಆ ಗುರುತು ಕೊಂಡುಕುರಿಯದು. ನಾಲ್ಕು ಕೊಂಬಿನ ಪ್ರಾಣಿ. ಕೊಂಬು ಗಂಡಿಗೆ ಮಾತ್ರ, ಮುಂದಿನ ಜೋಡಿ ಗಿಡ್ಡ. 20 ಕಿಲೋ ಆಸುಪಾಸು ತೂಗುತ್ತದೆ ಅಷ್ಟೇ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಕಾಡಲ್ಲಿ ಸಿಗುವುದಿಲ್ಲ. ಬಯಲಲ್ಲಿ ಹಿಂಡು ಕಟ್ಟಿ ಮೇಯುವ ಚಿಗರಿಯಂತಲ್ಲ ಇದು, ಒಂಟಿಯಾಗಿಯೋ ಜೋಡಿಯಾಗಿಯೋ ಪೊದೆಯ ಆಸರೆಯಲ್ಲಿ ಇರುತ್ತದೆ, ನೀರು ಬಿಟ್ಟು ದೂರ ಹೋಗುವುದಿಲ್ಲ. ಹಿಕ್ಕೆ ಹಾಕಲು ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಅಂಥ ಒಂದು ರಾಶಿ ಕಂಡರೆ ಸುಮ್ನೆ ಅಲೆಯಬೇಕಾಗಿಲ್ಲ. ಚಿಟಿಕೆ ಧೂಳು ಬಿಟ್ಟು ಗಾಳಿ ಎತ್ತ ಅಂತ ನೋಡಿ, ಗಾಳಿಗೆ ಎದುರಾಗಿ ದೂರದ ಗಿಡದ ಬುಡದಲ್ಲಿ ಕೂರಬೇಕು. ಬಂದರೆ ಬಂತು. ಬಂದಾಗ ಕಿವಿ ಮುಂದೆ ಮಾಡಿ ಒಂದು ಕ್ಷಣ ಕಲ್ಲಿನಂತೆ ನಿಲ್ಲುತ್ತದೆ, ನನಗೆ ಆ ಒಂದು ಕ್ಷಣ ಸಾಕು.

ಈ ಗುಣವೇ ಅದಕ್ಕೆ ಕುತ್ತು ಕೂಡ. ದಿನಾ ಅದೇ ದಾರಿ, ಅದೇ ನೀರು, ಅದೇ ಜಾಗ. ಬೈಕಿನ ಕ್ಲಚ್ ವೈರಿನ ಒಂದು ಉರುಳು ಸಾಕು. ಕಾಡಂಚಿನ ತೊಗರಿ, ಕಡಲೆ ಹೊಲದ ಬೇಲಿಯಲ್ಲಿ ಪ್ರಾಣಿ ನುಸುಳುವ ಸಂದು ಇರುತ್ತದೆ. ಕಾಡುಹಂದಿಗೆ ಅಂತ ಅಲ್ಲಿ ಉರುಳು ಕಟ್ಟುತ್ತಾರೆ, ಬೀಳುವುದು ಕೊಂಡುಕುರಿ, ಮೊಲ, ತೋಳ ಯಾವುದೂ ಆಗಬಹುದು. ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಹಾಕುವುದು, ಬೆನ್ನಟ್ಟುವುದು, ಕಾಡುಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಎಲ್ಲ ಬೇಟೆಯೇ.

ಹೆಜ್ಜೆ ಓದಲು ಬಂದರೆ ಉರುಳೂ ಕಣ್ಣಿಗೆ ಬೀಳುತ್ತದೆ. ಅಜ್ಜನ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಂಡಿಲ್ಲ. ಈಗ ನಾವು ಪ್ರಾಣಿ ನೋಡಿದ ಮೇಲೆ ಆ ದಾರಿಯನ್ನು ಹೊಲದವರೆಗೂ ಹಿಡಿದು ಹೋಗುತ್ತೇವೆ. ಸಂದಿನಲ್ಲಿ ಮೊಣಕಾಲೆತ್ತರಕ್ಕೆ ಬಗ್ಗಿ ನೋಡುತ್ತೇವೆ. ಗೂಟಕ್ಕೆ ಹೊಸದಾಗಿ ಉಜ್ಜಿದ ಗುರುತು, ಬೇಕಂತಲೇ ಅಡ್ಡ ಇಟ್ಟ ಮುಳ್ಳುಕಂಟಿ ಇದ್ದರೆ ಅನುಮಾನ. ಉರುಳು ಸಿಕ್ಕರೆ ಮುಟ್ಟದೆ ಫೋಟೋ ತೆಗೆದು, ಫೋನಿನಲ್ಲಿ ಜಾಗ ಗುರುತಿಟ್ಟು ಅರಣ್ಯ ಸಿಬ್ಬಂದಿಗೆ ತಿಳಿಸುತ್ತೇವೆ.

ಹೊಲದವರ ಜೊತೆ ಜಗಳ ಬೇಡ. ಹಂದಿ ಒಂದೇ ರಾತ್ರಿಯಲ್ಲಿ ಬೆಳೆ ಕೆಡವಿ ಹೋದರೆ ಅವರ ಹೊಟ್ಟೆ ಉರಿಯದೆ ಇರುತ್ತದೆಯೇ? ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕಾಕಾ ಕಟ್ಟೆ ಮೇಲೆ ಕೂತು ಅದನ್ನೇ ಹೇಳುತ್ತಾರೆ, ಪಹಣಿ ತೆಗೆಸಿಡಲು ನೆನಪು ಮಾಡುತ್ತಾರೆ. ಹಾಳಾದ ಬೆಳೆಯ ಫೋಟೋ ತೆಗೆದು ಅರ್ಜಿ ಬರೆದುಕೊಡುವ ಕೆಲಸ ನನ್ನದು. ಅದಕ್ಕೇ ಈಗ ಬ್ಯಾಗಿನಲ್ಲಿ ರೊಟ್ಟಿ ಗಂಟಿನ ಪಕ್ಕ ಬಿಳಿ ಹಾಳೆ, ಪೆನ್ನು ಕೂಡ ಇರುತ್ತವೆ.