ಮಿಸ್ಡ್ ಕಾಲ್ ಕೊಟ್ಟು ಸಿಗರೇಟು ಬಿಟ್ಟೆವು

ದಿನಕ್ಕೆ 14. ನೈಟ್ ಶಿಫ್ಟ್ ಇದ್ದರೆ 18. ಇದು ನಿಜವಾದ ಲೆಕ್ಕ. ಡಾಕ್ಟರು ಕೇಳಿದರೆ ‘ಏಳೆಂಟು ಸಾರ್’ ಅನ್ನುತ್ತಿದ್ದೆ. ಹೆಂಡತಿಗೆ ಹೇಳಿದ್ದ ಲೆಕ್ಕ ಎರಡು. ಅವಳೂ ನಂಬಿದ ಹಾಗೇ ಇರುತ್ತಿದ್ದಳು. ನನ್ನ ಶರ್ಟು ಒಗೆಯುವವಳಿಗೆ ಗೊತ್ತಿಲ್ಲದೆ ಇರುತ್ತದೆಯೆ? ನಿಜವಾದ ಲೆಕ್ಕವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು 2019ರ ಆಷಾಢದಲ್ಲಿ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತು.

ಮಗಳು ಮುಂದೆ ಮುಂದೆ ಹತ್ತಿಹೋಗುತ್ತಿದ್ದಳು. ದೊಡ್ಡ ನಂದಿ ಸಿಗುವುದಕ್ಕೆ ಮುಂಚೆಯೇ ನನಗೆ ಉಸಿರು ಕಟ್ಟಿ, ಒಂದು ಪಕ್ಕಕ್ಕೆ ಕೂತುಬಿಟ್ಟೆ. ಹಿಂದೆ ಬರುತ್ತಿದ್ದವರು ನಮ್ಮ ಫ್ಯಾಕ್ಟರಿಯ ಸ್ಟೋರ್ಸ್ ಅಣ್ಣ, ನನಗಿಂತ ಒಂಬತ್ತು ವರ್ಷ ದೊಡ್ಡವರು. ಅವರೂ ಪಕ್ಕದಲ್ಲಿ ಕೂತರು.

‘ಈಗ ಎಷ್ಟು ಸೇದ್ತೀಯಪ್ಪ?’

‘ಐದಾರು ಅಣ್ಣ.’

‘ಹ್ಞೂಂ. ನಾನು ಇಪ್ಪತ್ತು ಸೇದ್ತಿದ್ದಾಗ ನಂದೂ ಐದಾರೇ ಇತ್ತು.’

ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಲೆಕ್ಕ ಒಪ್ಪಿಸಿದೆ. ಅವರು ಬಿಟ್ಟು ಆಗಲೇ ಎಂಟು ತಿಂಗಳಾಗಿತ್ತಂತೆ. ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ‘ಹೇಳಿಬಿಟ್ರೆ ಬಿಡೋದು ಅವಮಾನ, ಮತ್ತೆ ಹಚ್ಚೋದು ಇನ್ನೂ ಅವಮಾನ’ ಅಂದರು. ಆ ಮಾತು ಸಿಗರೇಟು ಸೇದದವರಿಗೆ ಅರ್ಥವಾಗುವುದಿಲ್ಲ. ನನಗೆ ತಕ್ಷಣ ಆಯಿತು.

ನನ್ನ ಕಥೆಯಲ್ಲಿ ಇನ್ನೊಂದು ತೊಡಕಿದೆ. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಅಪ್ಪ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರು. ನನ್ನ ಐಟಿಐ ಫೀಸು ಕಟ್ಟಿದ್ದು ಹರಾಜಿನಲ್ಲಿ ಬಂದ ದುಡ್ಡಿನಿಂದ. ಮಳೆಯಲ್ಲಿ ನೆಂದ ಎಲೆ ಮುರಿದು ಬಂದ ದಿನ ಅಮ್ಮನಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ‘ಪಿತ್ತ’ ಅಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದಳು. ಅದು ಪಿತ್ತವಲ್ಲ, ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗೆ ಇಳಿದು ಆಗುವ ನಂಜು ಅಂತ ತಿಳಿದದ್ದು ನಾನು ಸಿಗರೇಟು ಬಿಡಲು ಹೊರಟ ಮೇಲೆ. ನಾನು ಮೊದಲ ಬೀಡಿ ಸೇದಿದ್ದೂ ಹದಿನೇಳನೇ ವಯಸ್ಸಿನಲ್ಲಿ, ಬ್ಯಾರನ್ ಮುಂದೆ, ಅಂದರೆ ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಒಣಗಿಸುವ ಮನೆಯ ಮುಂದೆ, ರಾತ್ರಿ ಬೆಂಕಿ ಕಾಯುವಾಗ. ಸೊಪ್ಪು ಹದವಾಗಲು ಐದಾರು ದಿನ ಬೇಕು. ಅಷ್ಟೂ ರಾತ್ರಿ ಶಾಖ ಏರುಪೇರಾಗದ ಹಾಗೆ ಸೌದೆ ಹಾಕುತ್ತಾ ಯಾರಾದರೂ ಎದ್ದಿರಬೇಕು. ಎದ್ದಿರಲು ಬೀಡಿ.

ಸರಿ, ನಾವು ನಾಲ್ವರು ಸೇರಿದೆವು. ಸ್ಟೋರ್ಸ್ ಅಣ್ಣ, ನಾನು, ಎಲ್ಲರೂ ಮಾವ ಅಂತಲೇ ಕರೆಯುವ 54ರ ಒಬ್ಬ ಫಿಟ್ಟರ್, ಮತ್ತು ಕಾಂಟ್ರಾಕ್ಟಿನಲ್ಲಿದ್ದ ಮಂಡ್ಯ ಕಡೆಯ ಒಬ್ಬ ಹುಡುಗ. ಆಯುಧಪೂಜೆಗೆ ಮೆಷಿನ್‌ಗಳಿಗೆ ಪೂಜೆ ಮಾಡಿ, ಮರುದಿನ ಜಂಬೂ ಸವಾರಿ ನೋಡಿ, ಅದರ ಮಾರನೇ ದಿನ, ಅಂದರೆ ಅಕ್ಟೋಬರ್ 9ರ ಬುಧವಾರದಿಂದ ಬಿಡುವುದು ಅಂತ ಮಾತಾಯಿತು. ಹಬ್ಬಕ್ಕೆ ಮುಂಚೆ ಬಿಟ್ಟರೆ ಹಬ್ಬದಲ್ಲೇ ಕೆಡುತ್ತೇವೆ ಅನ್ನುವುದು ಮಾವನ ಲೆಕ್ಕಾಚಾರ.

ಅಣ್ಣ ಎಲ್ಲರ ಕೈಲೂ ಪ್ಯಾಕೆಟ್ ಮೇಲೆ ಅಚ್ಚಾಗಿರುವ, ತಂಬಾಕು ಬಿಡುವವರಿಗೆ ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿಸಿದರು. ವರ್ಷದಿಂದ ಆ ನಂಬರ್ ಪ್ಯಾಕೆಟ್ ಮೇಲಿತ್ತು, ನಾನು ಓದಿಯೇ ಇರಲಿಲ್ಲ. ಆ ಹುಣ್ಣಿನ ಫೋಟೋ ಕಾಣಬಾರದು ಅಂತ ಪ್ಯಾಕೆಟ್ ತಿರುಗಿಸಿ ಇಟ್ಟುಕೊಳ್ಳುವವನು ನಂಬರ್ ಎಲ್ಲಿ ಓದುತ್ತಾನೆ? ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದರು. ಬೈಯಲಿಲ್ಲ. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಅಂತ ಕೇಳಿದರು. ಹತ್ತು ನಿಮಿಷ ಅಂದೆ. ಅರ್ಧ ಗಂಟೆಯೊಳಗೆ ಸೇದುವವರಿಗೆ ಚಟ ಗಟ್ಟಿಯಾಗಿ ಹಿಡಿದಿರುತ್ತದೆ, ಡಾಕ್ಟರನ್ನು ನೋಡಿ ಅಂದರು. ಮೊದಲ ಮೂರು ದಿನ ಹೆಚ್ಚು ಕಷ್ಟ, ಆದರೆ ಒಂದೊಂದು ಸಲದ ಎಳೆತ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ದಾಟಿಸಿದರೆ ಇಳಿಯುತ್ತದೆ ಅಂತಲೂ ಹೇಳಿದರು.

ನಮ್ಮ ಮಿಸ್ಡ್ ಕಾಲ್ ಹುಟ್ಟಿದ್ದು ಆ ಮಾತಿನಿಂದಲೇ. ಸೇದಬೇಕು ಅನ್ನಿಸಿದವನು ಮಿಸ್ಡ್ ಕಾಲ್ ಕೊಡಬೇಕು. ಬಿಡುವಿದ್ದವನು ತಿರುಗಿ ಮಾಡಿ ಐದು ನಿಮಿಷ ಮಾತಾಡಬೇಕು. ಸಿಗರೇಟಿನ ಮಾತು ಎತ್ತುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ. ಮಾವ ಮಾತಾಡುತ್ತಿದ್ದುದು ಅವರ ಮನೆಯ ಸೀಮೆಹಸುವಿನ ಬಗ್ಗೆ ಮಾತ್ರ. ಅದರ ಮೂರು ಕರುಗಳ ಜಾತಕ ನನಗೆ ಈಗಲೂ ಬಾಯಿಪಾಠ. ಎರಡನೇ ದಿನ ನಾನು ಏಳು ಸಲ ಮಿಸ್ಡ್ ಕಾಲ್ ಕೊಟ್ಟೆ. ಏಳನೆಯದು ರಾತ್ರಿ ಎರಡೂವರೆಗೆ, ಮೆಷಿನ್ ನಿಲ್ಲಿಸಿ ಟೂಲ್ ಬದಲಾಯಿಸುವಾಗ. ಅಷ್ಟು ಹೊತ್ತಿನಲ್ಲಿ ನಿದ್ದೆಗಣ್ಣಲ್ಲಿ ಎದ್ದು ಮಾವ ಶುರುಮಾಡಿದರು: ‘ನೋಡಪ್ಪಾ, ಹಿಂಡಿ ರೇಟು ಮತ್ತೆ ಜಾಸ್ತಿಯಾಗ್ಯದೆ...’

ಆ ರಾತ್ರಿ ಸೇದಬಹುದಾಗಿತ್ತು. ಗೇಟಿನ ಹೊರಗಿನ ಅಂಗಡಿಯಲ್ಲಿ ತೆಂಗಿನ ನಾರಿನ ಹಗ್ಗದ ತುದಿಯಲ್ಲಿ ಕಿಡಿ ಇಪ್ಪತ್ನಾಲ್ಕು ಗಂಟೆ ಉರಿಯುತ್ತದೆ. ರಾಜ್ಯದಲ್ಲಿ ಬಿಡಿ ಸಿಗರೇಟು ಮಾರಬಾರದು ಅಂತ ಆಗಲೇ ಆದೇಶವಿದ್ದರೂ ಒಂದೊಂದೇ ಸಿಗುತ್ತಿತ್ತು. ಆದರೆ ಹಸುವಿನ ಕಥೆ ಹೇಳಲು ನಿದ್ದೆ ಬಿಟ್ಟು ಎದ್ದವರಿಗೆ ಬೆಳಿಗ್ಗೆ ಯಾವ ಮುಖ ತೋರಿಸುವುದು? ಮನೆಯವರಿಗೆ ಮಾತು ಕೊಟ್ಟು ಹಿಂದೆ ನಾಲ್ಕು ಸಲ ಮುರಿದಿದ್ದೆ, ಅವರಿಗೆ ಸುಳ್ಳು ಹೇಳುವುದು ಸುಲಭ. ಸೇದುವವರ ಅಷ್ಟೂ ಸುಳ್ಳನ್ನು ತಾವೇ ಹೇಳಿ ಮುಗಿಸಿದವರ ಮುಂದೆ ನಡೆಯುವುದಿಲ್ಲ.

ಡಾಕ್ಟರು 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟಿದ್ದರು. ಅದನ್ನು ಬಬಲ್ ಗಮ್ ಥರ ಜಗಿದು ಬಿಕ್ಕಳಿಕೆ, ಎದೆಯುರಿ ಮಾಡಿಕೊಂಡೆ. ಹಾಗಲ್ಲ ಅಂತ ತೋರಿಸಿಕೊಟ್ಟವರು ಅಣ್ಣ. ನಿಧಾನಕ್ಕೆ ನಾಲ್ಕಾರು ಸಲ ಜಗಿಯಬೇಕು, ನಾಲಗೆ ಚುರುಚುರು ಅಂದ ಕೂಡಲೇ ಕೆನ್ನೆಯ ಸಂದಿಗೆ ಒತ್ತಿ ಇಡಬೇಕು, ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಎಲೆಅಡಿಕೆ ದವಡೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಕಾಫಿ ಕುಡಿದ ಬಾಯಿಗೆ ಹಾಕಿದರೆ ಔಷಧಿ ಸರಿಯಾಗಿ ಹೀರುವುದಿಲ್ಲ, ಕಾಲು ಗಂಟೆ ಬಿಡಬೇಕು.

ಕಾಫಿಯದು ಇನ್ನೊಂದು ಪಜೀತಿ. ನಾಲ್ಕನೇ ದಿನ ನನ್ನ ಕೈ ನಡುಗಲು ಶುರುವಾಯಿತು, ಎದೆ ಡವಡವ, ನಿದ್ದೆ ಇಲ್ಲ. ಮಾವನಿಗೂ ಅದೇ. ಅವರಂತೂ ಬಿಪಿ ಬಂತು ಅಂತ ಮಗನಿಗೆ ಜಮೀನಿನ ಪತ್ರ ಎಲ್ಲಿದೆ ಅಂತ ಹೇಳಿಬಿಟ್ಟಿದ್ದರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಕಾಫಿ ಎಷ್ಟು? ಆರು ಲೋಟ. ಹೊಗೆ ಸೇದುವವರ ಮೈಯಲ್ಲಿ ಕೆಫೀನ್ ಬೇಗ ಕರಗುತ್ತದಂತೆ. ಸಿಗರೇಟು ನಿಂತ ಮೇಲೆ ಅದೇ ಆರು ಲೋಟ ರಕ್ತದಲ್ಲಿ ಹೆಚ್ಚುಕಡಿಮೆ ಹನ್ನೆರಡರ ಕೆಲಸ ಮಾಡುತ್ತದೆ. ಮೂರಕ್ಕೆ ಇಳಿಸಿದೆವು, ನಡುಕ ಹೋಯಿತು. ಈ ವಿಷಯ ಗೊತ್ತಿಲ್ಲದೆ ‘ಬಿಟ್ಟರೆ ನನಗೆ ಆಗಿಬರಲ್ಲ’ ಅಂತ ಮತ್ತೆ ಹಚ್ಚಿದವರು ಎಷ್ಟು ಜನವೋ.

ಹೇಳಲು ನಾಚಿಕೆಯಾಗುವಂಥದ್ದೂ ಒಂದಿದೆ. ಬೆಳಿಗ್ಗೆ ಸಿಗರೇಟು ಹಚ್ಚದೆ ಹೊಟ್ಟೆ ಹೋಗುತ್ತಿರಲಿಲ್ಲ. ಬಿಟ್ಟ ಮೇಲೆ ಐದು ದಿನ ಸಂಪೂರ್ಣ ಬಂದ್. ಹೆಂಡತಿ ಹತ್ತಿರವೂ ಹೇಳಿರಲಿಲ್ಲ. ಅಣ್ಣ ಸ್ಟೋರ್ಸ್ ಕೌಂಟರಿನ ಆ ಕಡೆಯಿಂದಲೇ ಜೋರಾಗಿ ಕೇಳಿದರು: ‘ಏನಪ್ಪಾ, ಕಡೆಗೆ ಹೋಗಿದ್ದು ಯಾವತ್ತು?’ ಬೇರಿಂಗ್ ತೆಗೆದುಕೊಳ್ಳಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ರಾತ್ರಿ ಎರಡು ಪಚ್ಚಬಾಳೆ, ಬೆಳಿಗ್ಗೆ ಬಿಸಿನೀರು, ಎರಡು ವಾರದಲ್ಲಿ ಸರಿಹೋಗುತ್ತದೆ ಅಂದರು. ಹೋಯಿತು. ಪ್ರೋತ್ಸಾಹ ಅಂದರೆ ‘ಶಭಾಷ್, ನಿನ್ನ ಕೈಲಿ ಆಗುತ್ತೆ’ ಅನ್ನುವುದು ಅಂತ ತಿಳಿದಿದ್ದೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದರು, ಅವರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ.

ಮಾರ್ಚ್ 2020ರಲ್ಲಿ ಲಾಕ್‌ಡೌನ್ ಬಂದಾಗಲೂ ನಾನು ಕೆಡಲಿಲ್ಲ. ಕೆಟ್ಟದ್ದು ಅದೇ ಆಗಸ್ಟಿನಲ್ಲಿ. ಕೂಲಿಯಾಳು ಸಿಗದೆ ಅಪ್ಪ ಒಬ್ಬರೇ ಒದ್ದಾಡುತ್ತಿದ್ದರು, ರಜೆ ಹಾಕಿ ಊರಿಗೆ ಹೋದೆ. ಬ್ಯಾರನ್ ಮುಂದೆ ಕೂತಿದ್ದೆ, ಮಳೆ ಹನಿಯುತ್ತಿತ್ತು, ಪಕ್ಕದ ಹೊಲದ ದೊಡ್ಡಪ್ಪ ಮಾತಾಡುತ್ತಾ ಮಾತಾಡುತ್ತಾ ಒಂದು ಬೀಡಿ ನೀಡಿದರು. ಕೈ ತಾನಾಗಿ ಹೋಯಿತು. ತಲೆ ಗಿರ್ ಅಂತು, ಚೆನ್ನಾಗಿಯೂ ಇರಲಿಲ್ಲ. ಆದರೂ ಮೂರನೇ ದಿನ ಬೈಕ್ ಹತ್ತಿ ಪಟ್ಟಣಕ್ಕೆ ಹೋಗಿ ಪ್ಯಾಕೆಟ್ಟೇ ತಂದೆ. ಹತ್ತು ತಿಂಗಳು ಸೇದದೆ ಇದ್ದವನು.

ಮಿಸ್ಡ್ ಕಾಲ್ ಕೊಡಲಿಲ್ಲ. ಬಂದ ಕರೆಗಳನ್ನೂ ಎತ್ತಲಿಲ್ಲ. ‘ನೆಟ್‌ವರ್ಕ್ ಇಲ್ಲ ಅಣ್ಣ’ ಅಂತ ಮೆಸೇಜ್ ಹಾಕಿದೆ. ಮೆಸೇಜ್ ಮಾತ್ರ ಹೋಗುವ ನೆಟ್‌ವರ್ಕ್. ಎಂಟನೇ ದಿನ ಅಣ್ಣ ಅಪ್ಪನ ನಂಬರಿಗೇ ಫೋನ್ ಮಾಡಿದರು. ಅಪ್ಪ ಫೋನನ್ನು ನನ್ನ ಕೈಗಿಟ್ಟು ಆ ಕಡೆ ಹೋದರು.

‘ಎಷ್ಟು?’

‘ಆರು... ಇಲ್ಲ, ಒಂಬತ್ತು ಅಣ್ಣ.’

ಅವರು ಅಯ್ಯೋ ಅನ್ನಲಿಲ್ಲ. ಪೊಲೀಸಿನವರ ಥರ ಒಂದೊಂದೇ ಕೇಳಿದರು. ಯಾರು ಕೊಟ್ಟರು, ಎಲ್ಲಿ ಕೂತಿದ್ದೆ, ಊಟ ಆಗಿತ್ತಾ, ಜೇಬಿನಲ್ಲಿ ಗಮ್ ಇತ್ತಾ? ಊಟ ಆಗಿರಲಿಲ್ಲ, ಗಮ್ ನಿಲ್ಲಿಸಿ ಏಳು ತಿಂಗಳಾಗಿತ್ತು. ಆಮೇಲೆ ತಮ್ಮದನ್ನು ಹೇಳಿದರು. ಬೆಟ್ಟದ ಮೇಲೆ ಹೇಳಿದ ಎಂಟು ತಿಂಗಳು ಅವರ ಐದನೇ ಪ್ರಯತ್ನವಂತೆ. ನಾಲ್ಕು ಸಲ ಕೆಟ್ಟದ್ದೂ ಮಳೆಗಾಲದಲ್ಲೇ. ‘ಮೊದಲೇ ಹೇಳಬಾರದಿತ್ತಾ ಅಣ್ಣ?’ ಅಂದೆ. ‘ನೀನು ಕೇಳಿದ್ದು ಎಂಟು ತಿಂಗಳು ಹೇಗೆ ಬಿಟ್ಟೆ ಅಂತ. ಹೇಗೆ ಕೆಟ್ಟೆ ಅಂತ ಯಾರು ಕೇಳ್ತಾರೆ?’ ಅಂದರು.

ಆ ರಾತ್ರಿಯಿಂದ ಬ್ಯಾರನ್ ಮುಂದೆ ಊಟ ಮಾಡಿಯೇ ಕೂತೆ. ಜೊತೆಗೆ ಹುರಿದ ಕಡಲೆಕಾಯಿ, ಫ್ಲಾಸ್ಕಿನಲ್ಲಿ ಬರೀ ಬಿಸಿನೀರು. ದೊಡ್ಡಪ್ಪನಿಗೆ ‘ನನಗೆ ನೀಡಬೇಡಿ, ನೀಡಿದರೆ ತಗೊಂಡುಬಿಡ್ತೀನಿ’ ಅಂತ ನೇರವಾಗಿ ಹೇಳಿದೆ. ಅವರು ಬೇಜಾರು ಮಾಡಿಕೊಂಡು ಮೂರು ದಿನ ಮಾತಾಡಲಿಲ್ಲ. ಪರವಾಗಿಲ್ಲ. ಆಗಸ್ಟ್ 23ರಿಂದ ಇಂದಿನವರೆಗೆ ಸೇದಿಲ್ಲ. ಆರು ಕೆಜಿ ಏರಿದ್ದೇನೆ, ಅದನ್ನು ಇಳಿಸಲು ಯಾವ ಗುಂಪೂ ಸಿಕ್ಕಿಲ್ಲ. ಬೆಟ್ಟ ಹತ್ತುತ್ತೇನೆ, ನಂದಿಯವರೆಗೆ ನಿಲ್ಲದೆ.

ಅಪ್ಪ ಈಗಲೂ ಹೊಗೆಸೊಪ್ಪು ಬೆಳೆಯುತ್ತಾರೆ. ಮಗ ಬಿಟ್ಟ ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗುವವರೂ ಅವರೇ. ಶುಂಠಿ ಹಾಕೋಣ ಅಂದರೆ ‘ಶುಂಠಿಗೆ ರೋಗ ಬಂದ್ರೆ ನೀನು ಕೊಡ್ತೀಯಾ?’ ಅನ್ನುತ್ತಾರೆ. ನನ್ನ ಬಳಿ ಉತ್ತರವಿಲ್ಲ.

ಮಾವ ರಿಟೈರ್ ಆದರು, ಬೀಡಿ ಮುಟ್ಟಿಲ್ಲ. ಮಂಡ್ಯದ ಹುಡುಗ ಇನ್ನೂ ಬಿಟ್ಟಿಲ್ಲ. ಕಾಂಟ್ರಾಕ್ಟ್ ಮುಗಿದು ಬೆಂಗಳೂರಿಗೆ ಹೋಗಿದ್ದಾನೆ, ‘ದಿನಕ್ಕೆ ನಾಲ್ಕೇ ಅಣ್ಣ’ ಅನ್ನುತ್ತಾನೆ. ನಾಲ್ಕು ಅಂದರೆ ಎಷ್ಟು ಅಂತ ನನಗೆ ಗೊತ್ತು. ಹೋದ ವಾರ ರಾತ್ರಿ ಹನ್ನೊಂದಕ್ಕೆ ಅವನ ಮಿಸ್ಡ್ ಕಾಲ್ ಬಂತು. ತಿರುಗಿ ಮಾಡಿದೆ. ಏನು ಮಾತಾಡುವುದು ತೋಚದೆ ಮಾವನ ಹಸುವಿನ ನಾಲ್ಕನೇ ಕರುವಿನ ವಿಷಯ ಶುರುಮಾಡಿದೆ.